ಅಣ್ಣನ ಬ್ಲಾಗಿನಲ್ಲಿ ಏಳನೆಯ ಅಧ್ಯಾಯ

ಬೆಳಿಗ್ಗೆ ಆರಕ್ಕೆ ಸರಿಯಾಗಿ ನನ್ನ ಫೋನು ‘ಟಿಣ್’ ಎನ್ನುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೂ ಸರಿ, ನಾನು ಮೊದಲು ಕನ್ನಡಕ ಹುಡುಕುತ್ತಿದ್ದೆ. ಶಿಕಾರಿಪುರದ ನಮ್ಮಣ್ಣ ಬ್ಲಾಗ್ ಹಾಕಿದ್ದಾನೆ ಎಂದರ್ಥ. ನಮ್ಮ ಮನೆತನದಲ್ಲಿ ಯಾರ ಹೊಟ್ಟೆ ಕೆಟ್ಟರೂ ಡಾಕ್ಟರಿಗಿಂತ ಮೊದಲು ಲೋಕಕ್ಕೆ ತಿಳಿಯುವುದು ಅವನಿಂದಲೇ!

ರಿಟೈರ್ಡ್ ಸೈನ್ಸ್ ಮೇಷ್ಟ್ರು. ಬ್ಲಾಗಿಗೆ ಎರಡೇ ಭಾಗ: ‘ಮನೆ ಸಮಾಚಾರ’ ಮತ್ತು ‘ಈಗ ಓದುತ್ತಿರುವುದು’. ಮೊದಲನೆಯದರಲ್ಲಿ ಅವನ ಮಂಡಿ, ಅತ್ತಿಗೆಯ ಶುಗರ್, ಕೊನೆಗೆ ‘ದಯವಿಟ್ಟು ಪ್ರಾರ್ಥಿಸಿ’. ಒಮ್ಮೆ ‘ಸೊರಬದ ಒಬ್ಬ ಸಹೋದರಿಯ ಮೂಲವ್ಯಾಧಿಗಾಗಿ’ ಎಂದು ಬರೆದ. ಹೆಸರು ಹಾಕಿಲ್ಲವಲ್ಲ ಎಂದು ಅವನ ಸಮಾಧಾನ. ಸೊರಬದಲ್ಲಿ ಅವನಿಗೆ ಇರುವವಳು ನಾನೊಬ್ಬಳೇ ಅಲ್ಲವೇ? ಆ ಭಾನುವಾರ ಚರ್ಚಿನಲ್ಲಿ ಮೂರು ಜನ ನನಗೆ ಮೆತ್ತನೆಯ ಕುಶನ್ ತಂದುಕೊಟ್ಟರು.

ಆದರೂ ಆ ವರ್ಷ ನಾನು ಒಂದು ದಿನವೂ ಬ್ಲಾಗ್ ತಪ್ಪಿಸಲಿಲ್ಲ. ಅಣ್ಣ ಒಂದು ದಪ್ಪ ಥಿಯಾಲಜಿ ಪುಸ್ತಕ ಹಿಡಿದಿದ್ದ. ವಿಷಯ: ದೀಕ್ಷಾಸ್ನಾನವಿಲ್ಲದೆ, ಅಂದರೆ ಬ್ಯಾಪ್ಟಿಸಂ ಆಗದೆ, ತೀರಿಕೊಂಡವರ ಗತಿ ಏನು? ಒಟ್ಟು ಏಳು ಅಧ್ಯಾಯ.

ನಮ್ಮ ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಹಿಂದೂ ಮನೆಯವರು. ನಲವತ್ತು ವರ್ಷ ನನ್ನನ್ನು ಸ್ಕೂಟರಿನಲ್ಲಿ ಚರ್ಚಿಗೆ ಬಿಟ್ಟವರು, ದೀಕ್ಷಾಸ್ನಾನದ ಮಾತು ಬಂದಾಗಲೆಲ್ಲ ನಕ್ಕು ಸುಮ್ಮನಾದವರು. ಈ ಪ್ರಶ್ನೆಗೆ ಕಾನ್ವೆಂಟಿನ ಸಿಸ್ಟರ್ಸ್ ಚಿಕ್ಕಂದಿನಲ್ಲೇ ನನಗೆ ಉತ್ತರ ಬಾಯಿಪಾಠ ಮಾಡಿಸಿದ್ದರು: ಅಂಥವರಿಗೆ ಸ್ವರ್ಗವಿಲ್ಲ. ನನಗೀಗ ಒಂದು ಸೆಕೆಂಡ್ ಒಪೀನಿಯನ್ ಬೇಕಿತ್ತು.

ನಾಲ್ಕನೆಯ ಅಧ್ಯಾಯದಲ್ಲಿ ಲೇಖಕ ಸ್ವಲ್ಪ ಮೆತ್ತಗಾದ; ನಾನು ಕೇಸರಿಬಾತ್ ಮಾಡಿದೆ. ಐದರಲ್ಲಿ ತಿರುಗಿಬಿದ್ದ, ಉಪ್ಪಿಟ್ಟು ಸೀದುಹೋಯಿತು. ‘ಏಳರಲ್ಲಿ ಅಂತಿಮ ತೀರ್ಮಾನ’ ಎಂದು ಅಣ್ಣ ಬರೆದ. ಅಷ್ಟೇ! ಮರುದಿನ ಮಂಡಿನೋವು. ಅದರ ಮರುದಿನ ಫ್ಯಾನ್ ರಿಪೇರಿ. ಆಮೇಲೆ ಬೆಕ್ಕು ಮರಿ ಹಾಕಿತು. ಹೀಗೇ ಎರಡು ತಿಂಗಳು.

ಫೋನ್ ಮಾಡಿದೆ. “ಏಳನೇ ಚಾಪ್ಟರ್ ಏನಾಯ್ತೋ ಅಣ್ಣ?”

“ಓದ್ತಾ ಇದೀನಿ ಕಣೇ. ಪ್ರಿಂಟು ಬಾಳ ಸಣ್ಣ.”

“ಬೆಕ್ಕಿನ ಮರಿ ಬಗ್ಗೆ ಮೂರು ದಿನ ಬರ್ದಿದೀಯಲ್ಲ?”

“ಅವು ಕಣ್ಣಿಗೆ ಕಾಣ್ತಾವಲ್ಲೇ.”

ತಡೆಯಲಾಗಲಿಲ್ಲ. ಬಸ್ ಹತ್ತಿ ಶಿಕಾರಿಪುರಕ್ಕೆ ಹೋದೆ. ಅಣ್ಣ ಸ್ನಾನಕ್ಕೆ ಹೋಗಿದ್ದ. ಪುಸ್ತಕ ಮೇಜಿನ ಮೇಲಿತ್ತು. ಏಳನೆಯ ಅಧ್ಯಾಯ ತೆರೆದರೆ ಪುಟಪುಟಕ್ಕೂ ಕೆಂಪು ಇಂಕು. ‘ತಪ್ಪು.’ ‘ಆಧಾರ ಎಲ್ಲಿ?’ ‘ಮತ್ತೆ ಬರೆಯಿರಿ.’ ಕೊನೆಯ ಪುಟದಲ್ಲಿ ಸಿಸ್ಟರ್ಸ್ ಹೇಳಿದ್ದ ಉತ್ತರವೇ ಇತ್ತು. ಅದರ ಕೆಳಗೆ ಅಣ್ಣ ಹತ್ತಕ್ಕೆ ಎರಡು ಅಂಕ ಕೊಟ್ಟು ಷರಾ ಬರೆದಿದ್ದ: ‘ಈ ಮನುಷ್ಯ ನಮ್ಮ ಭಾವನನ್ನು ನೋಡಿಲ್ಲ.’ ಸಹಿ, ತಾರೀಖು. ಎರಡು ತಿಂಗಳ ಹಿಂದಿನದು.

ತಲೆ ಒರೆಸಿಕೊಳ್ಳುತ್ತಾ ಬಂದವನು ಬಾಗಿಲಲ್ಲೇ ನಿಂತ.

“ಓದ್ಬಿಟ್ಯಾ?”

“ಹ್ಞೂಂ.”

“ಸುಳ್ಳು ಬರಿಯಕ್ಕೆ ನಂಗೆ ಬರಲ್ಲ. ನಿಜ ಬರದ್ರೆ ನೀನು ಓದ್ತೀಯ. ಅದಕ್ಕೇ ಬೆಕ್ಕಿನ ವಿಷ್ಯ ಬರದೆ.”

ಅತ್ತಿಗೆ ಊಟಕ್ಕೆ ಕರೆದರು. ಮೂವರೂ ಕೂತು ಉಂಡೆವು.

ಸಂಜೆ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ. ಸೀಟು ಹಿಡಿದು ಕಿಟಕಿಯಿಂದ ಕೇಳಿದೆ, “ನಿಂಗೇನು ಅನ್ಸತ್ತೆ ಅಣ್ಣ?”

“ಗೊತ್ತಿಲ್ಲ ಕಣೇ. ಅಲ್ಲಿಗೆ ನಿಂಗಿಂತ ನಾನೇ ಮೊದ್ಲು ಹೋಗೋದು. ಬಾಗಲಲ್ಲೇ ಕೇಳ್ತೀನಿ. ಭಾವ ಒಳಗಿಲ್ಲ ಅಂದ್ರೆ ಅವ್ರು ಎಲ್ಲಿದಾರೋ ಅಲ್ಲೇ ನಾನೂ ಇರ್ತೀನಿ. ಒಬ್ರೇ ಇರ್ತಾರೆ ಅಂತ ನೀನು ಹೆದರ್ಕೋಬೇಡ.”

ಬಸ್ಸು ಹೊರಟಿತು. ಕಿಟಕಿಯ ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ನಡೆದ, ಆಮೇಲೆ ಬಿಟ್ಟ. ಅಣ್ಣನನ್ನು ನಾನು ನೋಡಿದ್ದು ಅದೇ ಕೊನೆ.