ಸ್ಟೀರಿಂಗ್ ಇಲ್ಲದ ಎಡಸೀಟು

ನಮ್ಮ ಮನೆಯವರು ಮುಖ ಸಪ್ಪೆ ಮಾಡಿಕೊಂಡು ಹೊರಟಾಗಲೆಲ್ಲ ದಾರಿಯಲ್ಲಿ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ನಾನು ಬಿ.ಎಸ್ಸಿ. ಓದಿದವಳು. ಬ್ಯಾರಿ ಮನೆಗಳಲ್ಲಿ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಆದದ್ದನ್ನು ಆದ ಹಾಗೆ, ಆ ದಿನವೇ ಬರೆದಿಡುವುದು ನನ್ನ ಅಭ್ಯಾಸ. ಆದ್ದರಿಂದ ಇಲ್ಲಿ ಉಪ್ಪುಖಾರ ಸೇರಿಸಿಲ್ಲ. ಸೇರಿಸುವ ಅಗತ್ಯವನ್ನು ನನ್ನ ಯಜಮಾನರು ಉಳಿಸುವುದೂ ಇಲ್ಲ.

ದುಃಖದ ಸಂಗತಿ ಮೊದಲು ಹೇಳಿಬಿಡುತ್ತೇನೆ. ಅಬುಧಾಬಿಯಿಂದ ದೂರದ ಮರಳುಗಾಡಿನ ಊರು ಮದೀನತ್ ಜಾಯೆದ್‌ನಲ್ಲಿ ಇವರದು ಗಾಡಿಗಳ ಸ್ಪೇರ್‌ಪಾರ್ಟ್ಸ್ ಅಂಗಡಿ. ಹರೆಯದಿಂದ ಈ ಮರಳಿನಲ್ಲಿ ಗಾಡಿ ಓಡಿಸಿದ ಮನುಷ್ಯ. ಹೋದ ಚಳಿಗಾಲದಲ್ಲಿ ಅಬುಧಾಬಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಗ್ಲೋಕೋಮಾ. ಎದುರಿನದು ಕಾಣುತ್ತದೆ, ಪಕ್ಕದ್ದು ಹೋಗುತ್ತಾ ಇದೆ. ಹೋದದ್ದು ತಿರುಗಿ ಬರುವುದಿಲ್ಲ. ಡ್ರೈವಿಂಗ್ ಇವತ್ತಿಗೇ ನಿಲ್ಲಿಸಿ" ಎಂದರು. ಇವರು ವಿನಯದಿಂದ ತಲೆಯಾಡಿಸಿದರು. ಕೆಳಗೆ ಬಂದು, ಜೇಬಿನಿಂದ ಕೀ ತೆಗೆದು, ಮನೆಯವರೆಗೆ ತಾವೇ ಓಡಿಸಿದರು. ಎರಡೂ ಪಕ್ಕದಲ್ಲಿ ಟ್ಯಾಂಕರುಗಳು. ನನಗೆ ಗೊತ್ತಿದ್ದ ದುಆಗಳೆಲ್ಲ ಅರ್ಧ ದಾರಿಯಲ್ಲೇ ಮುಗಿದು, ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನಲ್ಲಿರುವ ಮಗಳು ಅತ್ತಳು, ಗದರಿದಳು. ಕೊನೆಗೆ, ಉಪ್ಪ, ಅಂದರೆ ಅವಳ ಅಪ್ಪ, ಇಷ್ಟಾದರೂ ಕಣ್ಣು ಕಾಣುವಾಗಲೇ ನಾಲ್ಕು ಊರು ನೋಡಿ ಬರಲಿ ಎಂದು ಥಾಯ್ಲೆಂಡಿಗೆ ಟಿಕೆಟ್ ಮಾಡಿದಳು. ಎಲ್ಲರೂ ಹೋಗುವ ಸಮುದ್ರದ ಕಡೆಗಲ್ಲ, ಉತ್ತರದ ಗುಡ್ಡಗಾಡಿಗೆ. ಬಾಡಿಗೆ ಗಾಡಿ, ನಾನೇ ಡ್ರೈವರ್. ಇವರು ಒಂದು ಷರತ್ತು ಹಾಕಿದರು: "ಒಂದು ಗೀರೂ ಬೀಳದೆ ನಿನ್ನ ಉಮ್ಮ ಓಡಿಸಿ ತೋರಿಸಲಿ. ಆಮೇಲೆ ಇಲ್ಲಿಯ ಕೀ ಕೊಡುವುದೋ ಬೇಡವೋ, ನೋಡುವ."

ನಮ್ಮ ಮನೆಯಲ್ಲಿ ಇವರ ಬಾಯಿಂದ 'ನೋಡುವ' ಎಂದು ಬಂದರೆ 'ಇಲ್ಲ' ಎಂದೇ ಲೆಕ್ಕ.

ಯಾರ ಜಾಗ ಯಾರದು

ಚಿಯಾಂಗ್ ರಾಯ್ ಏರ್‌ಪೋರ್ಟಿನಲ್ಲಿ ಗಾಡಿಯ ಕೀಯನ್ನು ಕೌಂಟರಿನ ಹುಡುಗಿ ಎರಡೂ ಕೈಯಲ್ಲಿ ಹಿಡಿದು ಇವರ ಕಡೆಗೆ ಚಾಚಿದಳು. ಇವರೂ ಎರಡೂ ಕೈ ಚಾಚಿದರು. ಅಷ್ಟರಲ್ಲಿ ಅವಳು ಕಂಪ್ಯೂಟರ್ ನೋಡಿ, "ಡ್ರೈವರ್ ಮೇಡಂ?" ಎಂದು ಕೀಯನ್ನು ನನ್ನ ಕಡೆಗೆ ತಿರುಗಿಸಿದಳು. ಮಗಳು ಬುಕಿಂಗ್‌ನಲ್ಲಿ ನನ್ನ ಹೆಸರು ಮಾತ್ರ ಹಾಕಿದ್ದಳು. ಇವರು ಚಾಚಿದ ಕೈಯನ್ನು ಹಾಗೆಯೇ ಮುಖಕ್ಕೆ ಒಯ್ದು ಗಡ್ಡ ಸವರಿಕೊಂಡರು.

ನನ್ನ ಡಿಗ್ರಿ ಮೊದಲ ಪ್ರಯತ್ನದಲ್ಲಿ ಬಂತು, ಗಲ್ಫಿನ ಲೈಸೆನ್ಸ್ ಐದನೆಯದರಲ್ಲಿ. ಬಂದ ಮೇಲೂ ಇವರು ಕೂತ ಗಾಡಿಯನ್ನು ನಾನು ಓಡಿಸಿದ್ದಿಲ್ಲ. ಗಲ್ಫಿನಲ್ಲಿ ಡ್ರೈವರ್ ಸೀಟು ಎಡಕ್ಕೆ. ಥಾಯ್ಲೆಂಡಿನಲ್ಲಿ ಊರಿನ ಹಾಗೆ ಬಲಕ್ಕೆ. ಮದುವೆಯಾದಂದಿನಿಂದ ನಾನು ಬಲಗಡೆ ಕೂತವಳು, ಇವರು ಎಡಗಡೆ ಕೂತವರು. ಈಗಲೂ ಹಾಗೆಯೇ ಕೂತೆವು. ಜಾಗ ಬದಲಾಗಲಿಲ್ಲ, ಸ್ಟೀರಿಂಗ್ ಒಂದು ಎದ್ದು ನನ್ನ ಎದುರಿಗೆ ಬಂದಿತ್ತು. ಇವರ ಎದುರಿಗೆ ಖಾಲಿ ಡ್ಯಾಶ್‌ಬೋರ್ಡ್. ಅದನ್ನು ನೋಡಿದ ಇವರ ಮುಖ ನನಗೆ ಇನ್ನೂ ಮರೆತಿಲ್ಲ.

"ನೀನು ರಸ್ತೆ ನೋಡು, ಪಕ್ಕದ್ದು ನಾನು ನೋಡ್ತೇನೆ," ಎಂದು ಕೈ ಕಟ್ಟಿ ಕೂತರು. ಆದರೆ ಕಾಲು ಕೇಳಬೇಕಲ್ಲ. ಎದುರಿಗೆ ನಾಯಿ ಬಂದರೆ ಖಾಲಿ ನೆಲವನ್ನೇ ಒತ್ತಿದರು, ಸೈಕಲ್ ಬಂದರೆ ಒತ್ತಿದರು, ತಿರುವು ಬಂದರೆ ಒತ್ತಿದರು. ಸಂಜೆ ಫಯಾವ್ ಊರಿನ ಹೋಟೆಲಿನ ಮುಂದೆ ಇಳಿಯುವಾಗ ಇವರ ಬಲಗಾಲು ಹಿಡಿದುಕೊಂಡಿತ್ತು. ಮಗಳಿಗೆ ಫೋನಿನಲ್ಲಿ ಹೇಳಿದರು, "ಎಂತ ಹೇಳುವುದು ಮಗಳೇ. ಗಾಡಿ ಓಡಿಸಿದ್ದು ನಿನ್ನ ಉಮ್ಮ, ಬ್ರೇಕ್ ಹಾಕಿದ್ದೆಲ್ಲ ನಾನು."

ಬಿಸಿಲಿನಲ್ಲಿ ವೈಪರ್

ಅಲ್ಲಿನ ಗಾಡಿಯಲ್ಲಿ ಇಂಡಿಕೇಟರ್ ಕಡ್ಡಿ ಬಲಕ್ಕೆ, ವೈಪರ್ ಎಡಕ್ಕೆ. ನಮ್ಮ ಗಾಡಿಗೆ ತದ್ವಿರುದ್ಧ. ತಿರುಗಬೇಕಾದಲ್ಲೆಲ್ಲ ನಾನು ವೈಪರ್ ಹಾಕುತ್ತಿದ್ದೆ. ಸುಡುವ ಬಿಸಿಲು, ಒಣ ಗಾಜಿನ ಮೇಲೆ ಕಿರ್ರ್ ಕಿರ್ರ್ ಎಂದು ಎರಡು ತೋಳು. ಇವರು ಪ್ರತಿಸಲವೂ ತಪ್ಪದೆ, "ಮಳೆ ಜೋರುಂಟಾ?" ಎಂದು ಕೇಳುತ್ತಿದ್ದರು.

ನಾನ್ ಎಂಬ ಪ್ರಾಂತ್ಯದ ಗಡಿಯ ಹತ್ತಿರ ಪೊಲೀಸ್ ತಪಾಸಣೆ. ನಿಲ್ಲಿಸಲು ಕೈ ತೋರಿಸಿದರು. ನಾನು ಎಡಕ್ಕೆ ತೆಗೆದುಕೊಂಡೆ. ಅಭ್ಯಾಸಬಲದಿಂದ ವೈಪರ್ ಹಾಕಿದೆ. ಪೊಲೀಸಿನವನು ಗಾಜು ನೋಡಿದ, ಆಕಾಶ ನೋಡಿದ, ಆಮೇಲೆ ಅಂಗೈ ಮೇಲೆ ಮಾಡಿ ಸ್ವಲ್ಪ ಹೊತ್ತು ಕಾದ.

"ನೋಡು," ಎಂದರು ಇವರು, "ನೀನು ಅಷ್ಟು ಧೈರ್ಯದಿಂದ ಹಾಕಿದ್ದಕ್ಕೆ ಅವನಿಗೇ ಅನುಮಾನ ಬಂತು."

ಎರಡು ಚಹಾ

ಗಲ್ಫಿನಲ್ಲಿ ಚಹಾ ಬೇಕಾದರೆ ಯಾರೂ ಗಾಡಿಯಿಂದ ಇಳಿಯುವುದಿಲ್ಲ. ಕೆಫೆಟೇರಿಯದ ಎದುರು ನಿಲ್ಲಿಸಿ ಹಾರ್ನ್ ಹಾಕಿದರೆ ಕೆಲಸದವರು ಓಡಿ ಬರುತ್ತಾರೆ. ಎರಡು ಬೆರಳು ತೋರಿಸಿದರೆ ಎರಡು ಕರಕ್, ಅಂದರೆ ಹಾಲು ಹಾಕಿ ಕಡುವಾಗಿ ಕುದಿಸಿದ ಚಹಾ, ಕಿಟಕಿಗೆ ಬರುತ್ತದೆ. ಇದು ಇಡೀ ಜಗತ್ತಿನ ಪದ್ಧತಿ ಎಂದು ಇವರು ನಂಬಿದ್ದರು.

ನಾನ್ ಕಡೆಗೆ ಗುಡ್ಡ ಹತ್ತುವ ಮೊದಲು ಒಂದು ಹಳ್ಳಿ. ರಸ್ತೆ ಪಕ್ಕದಲ್ಲಿ ದೊಡ್ಡ ಶಾಮಿಯಾನ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ದುಂಡು ಮೇಜುಗಳು, ಐಸ್ ಪೆಟ್ಟಿಗೆ, ತಿನ್ನುತ್ತಿರುವ ಜನ.

"ನಿಲ್ಲಿಸು, ನಿಲ್ಲಿಸು. ಇಷ್ಟು ರಶ್ ಉಂಟಾದರೆ ರುಚಿ ಇದ್ದೇ ಇರ್ತದೆ," ಎಂದರು. ನಾನು ನಿಲ್ಲಿಸಿದೆ. ನನ್ನನ್ನು ಕೇಳದೆ ಬಗ್ಗಿ, ಉದ್ದಕ್ಕೆ ಎರಡು ಸಲ ಹಾರ್ನ್ ಒತ್ತಿದರು.

ಇಡೀ ಶಾಮಿಯಾನ ನಮ್ಮ ಕಡೆಗೆ ತಿರುಗಿತು. ಕಪ್ಪು ಅಂಗಿಯವನೊಬ್ಬ ಓಡಿ ಬಂದ. ಇವರು ಎರಡು ಬೆರಳು ತೋರಿಸಿದರು. ಅವನು ನಮ್ಮಿಬ್ಬರನ್ನೂ ನೋಡಿ, ಹೌದು ಇಬ್ಬರು ಎನ್ನುವ ಹಾಗೆ ತಲೆ ಬಗ್ಗಿಸಿ, ಬಾಗಿಲು ತೆಗೆದು ನಿಂತ. ಇಳಿದ ಮೇಲೆಯೇ ನನಗೆ ಕಂಡದ್ದು: ಎಲ್ಲರ ಬಟ್ಟೆಯೂ ಕಪ್ಪು ಇಲ್ಲವೇ ಬಿಳಿ. ಒಳಗೆ ಹೂವಿನ ರಾಶಿಯ ಮಧ್ಯೆ ಒಬ್ಬರು ಮುದುಕರ ದೊಡ್ಡ ಫೋಟೋ, ಅದರ ಹಿಂದೆ ಬಣ್ಣದ ದೀಪ ಸುತ್ತಿದ ಶವಪೆಟ್ಟಿಗೆ.

"ಇದು ಹೋಟೆಲ್ ಅಲ್ಲ, ಮಯ್ಯತ್‌ನ ಮನೆ," ಎಂದೆ ಹಲ್ಲು ಕಚ್ಚಿ.

"ನಿನಗೆ ಮೊದಲೇ ಕಾಣಲಿಲ್ಲವಾ?"

"ನಾನು ರಸ್ತೆ ನೋಡುತ್ತಿದ್ದೆ. ಪಕ್ಕದ್ದು ನಾನು ನೋಡ್ತೇನೆ ಎಂದವರು ನೀವು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸತ್ತವರ ಹೆಂಡತಿ ಇರಬೇಕು, ಒಬ್ಬರು ಮುದುಕಿ ಬಂದು ನನ್ನ ಕೈ ಹಿಡಿದು ಬಿಡಲೇ ಇಲ್ಲ. ಬಟ್ಟಲಿನಲ್ಲಿ ಸಾರು ಬಂತು. ಹಂದಿಯೋ ಏನೋ ಎಂಬ ಭಯಕ್ಕೆ ನಾವು ಕಲ್ಲಂಗಡಿ ಮಾತ್ರ ತಿಂದೆವು. ಇವರು ಪೆಟ್ಟಿಗೆಯ ಕಡೆ ನೋಡುತ್ತಾ ತುಟಿಯಲ್ಲೇ ಏನೋ ಪ್ರಾರ್ಥಿಸುತ್ತಿದ್ದರು. ಆ ಮುದುಕರಿಗಾಗಿ ಮಾತ್ರ ಎಂದು ನನಗೆ ಅನಿಸಲಿಲ್ಲ.

ಹೊರಡುವಾಗ ಕಪ್ಪು ಅಂಗಿಯವನು ಗಾಡಿಯವರೆಗೆ ಬಂದ. ಸಂಕೋಚದಿಂದ ಮೊಬೈಲಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿ ನಮ್ಮ ಮುಂದೆ ಹಿಡಿದ. ಮೊಬೈಲು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿತು: "ಕ್ಷಮಿಸಿ. ನೀವು ಹಾರ್ನ್ ಹಾಕಿ ಕರೆದಿರಿ. ಆದರೆ ಅಜ್ಜ ಇನ್ನು ಹೊರಗೆ ಬರುವುದಿಲ್ಲ."

ಬೆಟ್ಟದ ಮೇಲಿನ ನೋಟ

ನಾವು ಹೋದದ್ದು ಮಾರ್ಚ್‌ನಲ್ಲಿ. ಅಲ್ಲಿ ಅದು ಗದ್ದೆ, ಕಾಡು ಸುಡುವ ಕಾಲ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾನ್ ಊರಿನ ಮೇಲೆ ಒಂದು ಬೆಟ್ಟ, ಅದರ ತುದಿಯಲ್ಲಿ ಕೆಳಗಿನ ಊರನ್ನೇ ನೋಡುತ್ತಾ ನಿಂತ ಚಿನ್ನದ ಬಣ್ಣದ ಬುದ್ಧ. ನಾನು ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಇವರು ಕಟಕಟೆ ಹಿಡಿದು ನಿಂತಿದ್ದರು.

"ಕೆಳಗೆ ಊರು ಉಂಟಲ್ಲ?"

"ಉಂಟಂತೆ."

"ನಿನಗೆ ಕಾಣ್ತದಾ?"

"ಇಲ್ಲ. ಹೊಗೆ."

"ಸಮಾಧಾನ ಮಾಡುವುದು ಬೇಡ. ಸತ್ಯ ಹೇಳು."

ನನ್ನ ಮಾತನ್ನು ನಂಬದೆ, ಪಕ್ಕದಲ್ಲಿದ್ದ ಬಿಳಿಯ ಗಂಡಹೆಂಡಿರ ಹತ್ತಿರ ಹೋಗಿ ಕೇಳಿದರು. "ನಥಿಂಗ್. ಸೋ ಸ್ಯಾಡ್," ಎಂದರು ಅವರು. ಬ್ಯಾಂಕಾಕಿನಿಂದ ಬಂದಿದ್ದ ಒಂದು ದೊಡ್ಡ ಕುಟುಂಬವನ್ನು ಕೇಳಿದರು. ಎಲ್ಲರೂ ಬೇಸರದಿಂದ ತಲೆಯಾಡಿಸಿದರು. ಇವರ ಮುಖ ಅರಳಿತು. ಎಷ್ಟೋ ತಿಂಗಳಿಂದ ನಾನು ಆ ಮುಖ ನೋಡಿರಲಿಲ್ಲ. ಅವರೆಲ್ಲರ ಕೈ ಕುಲುಕಿ, ನನ್ನ ಹತ್ತಿರ ಓಡಿ ಬಂದು, ಊರಿಗೆಲ್ಲ ಕೇಳುವ ಹಾಗೆ ಹೇಳಿದರು: "ಯಾರಿಗೂ ಎಂತದೂ ಕಾಣುವುದಿಲ್ಲ ಮಾರಾಯ್ತಿ! ಯಾರಿಗೂ!"

ನಾನು ಬುದ್ಧನ ಹಿಂದೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ. ದುಡ್ಡು ಕೊಟ್ಟು ಅಷ್ಟು ದೂರ ಬಂದು, ಏನೂ ಕಾಣದೆ, ಹಾಡು ಗುನುಗುತ್ತಾ ಬೆಟ್ಟ ಇಳಿದ ಪ್ರವಾಸಿ ಆ ಊರಿನಲ್ಲಿ ಇವರೊಬ್ಬರೇ ಇರಬೇಕು.

ಗೀರು

ಪ್ರೇ ಎಂಬ ಊರಿನಲ್ಲಿ ಹಳೆಯ ತೇಗದ ಮರದ ಮನೆಗಳಿವೆ. ಅಂಥ ಒಂದು ಮನೆಯ ಎದುರು ನಾನು ಅಚ್ಚುಕಟ್ಟಾಗಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ. ಇವರು ತಮ್ಮ ಕಡೆಯ ಬಾಗಿಲು ತೆರೆದರು. ಎಡಕ್ಕೆ, ಕೈಯಳತೆಯಲ್ಲಿ, ಕೆಂಪು ಬಣ್ಣ ಬಳಿದ ಕಬ್ಬಿಣದ ಕಂಬ. ಟಣ್ ಎಂದಿತು. ಬಾಗಿಲಿನ ಅಂಚಿಗೆ ಬೆರಳುದ್ದದ ಗೀರು.

ಇಬ್ಬರೂ ಇಳಿದು ಅದನ್ನು ನೋಡಿದೆವು. ಅಷ್ಟು ದೊಡ್ಡ ಕೆಂಪು ಕಂಬ ಯಾಕೆ ಕಾಣಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಇವರು ಗೀರಿನ ಮೇಲೆ ಬೆರಳಾಡಿಸಿ, "ಷರತ್ತು ಷರತ್ತೇ. ಗೀರು ಬಿತ್ತಲ್ಲ," ಎಂದರು.

ಇವರ ಲೆಕ್ಕದಲ್ಲಿ, ನಿಂತ ಗಾಡಿಯನ್ನು ನಾನು ಕಂಬಕ್ಕೆ ಗುದ್ದಿದ ಹಾಗಾಯಿತು.

ಕುದುರೆಯ ಕಣ್ಣು

ಲಂಪಾಂಗ್‌ನಲ್ಲಿ ಈಗಲೂ ಕುದುರೆಗಾಡಿ ಉಂಟು. ನನ್ನ ಕೈಗೂ ಇವರ ಬಲಗಾಲಿಗೂ ವಿಶ್ರಾಂತಿ ಸಿಗಲೆಂದು ಒಂದು ಸುತ್ತು ಹೋದೆವು. ಕುದುರೆಯ ಕಣ್ಣಿನ ಎರಡೂ ಪಕ್ಕಕ್ಕೆ ಚರ್ಮದ ಪಟ್ಟಿ ಕಟ್ಟಿದ್ದರು. ಅದು ಯಾಕೆ ಎಂದು ಇವರು ಕೇಳಿದರು.

"ಎದುರಿನದು ಮಾತ್ರ ಕಾಣಲಿ, ಪಕ್ಕದ್ದು ಕಾಣದಿರಲಿ ಎಂದು," ಎಂದೆ.

ಇವರು ನೆಟ್ಟಗೆ ಕೂತರು. "ನೋಡಿದೆಯಾ! ಪಕ್ಕದ್ದು ಕಾಣದಿದ್ದರೂ ಇದಕ್ಕೆ ರಸ್ತೆಯಲ್ಲಿ ಪರ್ಮಿಷನ್ ಉಂಟು. ಆ ಡಾಕ್ಟರನ್ನು ಇಲ್ಲಿಗೆ ಕರಕೊಂಡು ಬರಬೇಕು."

"ಓಡಿಸುವುದು ಅದಲ್ಲ," ಎಂದೆ. "ಓಡಿಸುವವನು ಹಿಂದೆ ಕೂತಿದ್ದಾನೆ. ಇದು ಅವನು ಹೇಳಿದ ಕಡೆ ಹೋಗ್ತದೆ."

ಇವರು ಕುದುರೆಯ ಬೆನ್ನು ನೋಡುತ್ತಾ ಹೇಳಿದರು: "ಪಾಪ, ಅದಕ್ಕೂ ಮದುವೆ ಆಗಿರಬೇಕು."

ಬೇಸ್‌ಮೆಂಟ್

ನಮ್ಮ ಗಾಡಿ ಮಗಳ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿತ್ತು. ಅಬುಧಾಬಿಗೆ ಬಂದಿಳಿದು, ಅವಳ ಮನೆಯಲ್ಲಿ ಊಟ ಮಾಡಿ, ಮದೀನತ್ ಜಾಯೆದ್‌ಗೆ ಹೊರಟೆವು. ಬಾಗಿಲಲ್ಲಿ ಮಗಳು, "ಉಪ್ಪ, ಪ್ಲೀಸ್. ಕೀ ಉಮ್ಮನಿಗೆ ಕೊಡಿ," ಎಂದಳು. ಇವರು ಜೇಬಿನ ಮೇಲೆ ಕೈ ಇಟ್ಟುಕೊಂಡು, "ನೋಡುವ," ಎಂದರು.

ಲಿಫ್ಟಿನಲ್ಲಿ ಇಳಿಯುವಾಗಲೇ, ಇವರು ಸ್ಟೀರಿಂಗ್ ಮುಂದೆ ಕೂತರೆ ನಾನು ಗಾಡಿ ಹತ್ತುವುದಿಲ್ಲ, ಬಸ್ಸಿಗೆ ಹೋಗುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಗಾಡಿಯ ಹತ್ತಿರ ಬಂದೆವು. ಇವರು ಒಂದು ಕ್ಷಣವೂ ಯೋಚಿಸದೆ ಎಡಗಡೆಗೆ ನಡೆದು, ಬಾಗಿಲು ತೆರೆದು, ಸ್ಟೀರಿಂಗ್ ಮುಂದೆ ಕೂತುಬಿಟ್ಟರು.

ಅಷ್ಟು ಗುಡ್ಡ ಹತ್ತಿಸಿ ಇಳಿಸಿದ್ದೆಲ್ಲ ವ್ಯರ್ಥ. ಬಸ್ಸಿನ ಮಾತು ಬಾಯಿಗೆ ಬರಲೇ ಇಲ್ಲ. ಅವರೊಬ್ಬರನ್ನೇ ಆ ಟ್ಯಾಂಕರುಗಳ ಮಧ್ಯೆ ಕಳಿಸುವುದು ಹೇಗೆ? ಹೋಗುವುದಾದರೆ ಇಬ್ಬರೂ ಹೋಗೋಣ ಎಂದು ಬಲಗಡೆ ಹತ್ತಿ, ಬೆಲ್ಟ್ ಹಾಕಿ, ಕಣ್ಣು ಮುಚ್ಚಿ ದುಆ ಶುರು ಮಾಡಿದೆ.

ಒಂದು ದುಆ ಮುಗಿಯಿತು. ಎರಡನೆಯದೂ ಮುಗಿಯಿತು. ಗಾಡಿ ಸ್ಟಾರ್ಟ್ ಆಗಲಿಲ್ಲ. ಕಣ್ಣು ತೆರೆದು ನೋಡಿದರೆ ಇವರೂ ಥಾಯ್ಲೆಂಡಿನಲ್ಲಿ ಕೂರುತ್ತಿದ್ದ ಹಾಗೆಯೇ ಬೆಲ್ಟ್ ಹಾಕಿಕೊಂಡು, ಮಡಿಲಲ್ಲಿ ಕೈ ಕಟ್ಟಿ, ಎದುರಿನ ಗೋಡೆ ನೋಡುತ್ತಾ ಕೂತಿದ್ದಾರೆ. ಬಲಗಾಲು ಆಗಲೇ ಬ್ರೇಕಿನ ಮೇಲಿದೆ.

"ಎಂತ ಕಾಯುವುದು ಇನ್ನು?" ಎಂದು ಗದರಿದರು. "ಸೆಕೆ. ಯಲ್ಲಾ, ಹೊರಡು ನೀನು." ಜೇಬಿನಿಂದ ಕೀ ತೆಗೆದು ನನ್ನ ಮಡಿಲಿಗೆ ಹಾಕಿದರು.

ನಾನು ಕೀ ನೋಡಿದೆ. ನನ್ನ ಎದುರಿನ ಖಾಲಿ ಡ್ಯಾಶ್‌ಬೋರ್ಡ್ ನೋಡಿದೆ. ಅವರ ಮುಖ ನೋಡಿದೆ. ನಗುವುದೋ ಅಳುವುದೋ ತಿಳಿಯದೆ, ಬೆರಳಿನಿಂದ ಅವರ ಎದುರಿಗೆ ತೋರಿಸಿದೆ.

ಇವರು ತಲೆ ತಗ್ಗಿಸಿ ನೋಡಿದರು. ಎದೆಗೆ ತಾಗುವಷ್ಟು ಹತ್ತಿರದಲ್ಲಿದ್ದ ಸ್ಟೀರಿಂಗನ್ನು ಎರಡೂ ಕೈಯಿಂದ ಮುಟ್ಟಿ, ಮೆಲ್ಲಗೆ ಒಂದು ಸುತ್ತು ಸವರಿದರು. ಆಮೇಲೆ ಬೆಲ್ಟ್ ಬಿಚ್ಚಿ, ನನ್ನ ಜಾಗಕ್ಕೆ ಬರಲು ಇಳಿಯುತ್ತಾ ಕೇಳಿದರು:

"ಇದನ್ನು ಇಲ್ಲಿ ಯಾರು ತಂದು ಇಟ್ಟದ್ದು?"