ಇನ್ನೂ ಬೆಳೆಯುತ್ತಿರುವ ತಲೆ

ಮಗಳ ಜೊತೆ ತಾನೂ ಪರೀಕ್ಷೆಗೆ ಕೂತದ್ದೇ ಬಸ್ ಡ್ರೈವರ್ ಮಾಡಿದ ತಪ್ಪು.

ಮಕ್ಕಳು ದೊಡ್ಡವರಾದಂತೆ ಕಂಡ ಜಾಗವನ್ನು ನೆನಪಿಟ್ಟುಕೊಳ್ಳುವ ಶಕ್ತಿ ಹೇಗೆ ಬೆಳೆಯುತ್ತದೆಂದು ತಿಳಿಯಲು ಸಂಶೋಧಕಿಯೊಬ್ಬಳು ಆ ಬೆಳಿಗ್ಗೆ ಶಾಲೆಗೆ ಬಂದಿದ್ದಳು. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಮಿನುಗಿ ಆರುತ್ತಿದ್ದವು. ಅದೇ ಕ್ರಮದಲ್ಲಿ ಮುಟ್ಟಿ ತೋರಿಸಬೇಕು. ಹೋಲಿಕೆಗೆ ದೊಡ್ಡವರೂ ಬೇಕೆಂದು, ಮಗಳನ್ನು ಬಿಡಲು ಬಂದಿದ್ದ ಅವನನ್ನೂ ಅವಳ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿದಳು.

ಫಲಿತಾಂಶ ನೋಡಿ ಅವಳ ಹುಬ್ಬು ಮೇಲೇರಿತು. "ನಿಮ್ಮ ಮಗಳದ್ದು ದೊಡ್ಡವರ ಮಟ್ಟದಲ್ಲಿದೆ. ನಿಮ್ಮದು... ಹದಿಮೂರು ವರ್ಷದ ಮಕ್ಕಳದ್ದು ಇದ್ದ ಹಾಗಿದೆ."

"ಅಂದ್ರೆ?"

"ಆ ವಯಸ್ಸಲ್ಲಿ ಮಿದುಳು ಇನ್ನೂ ಬೆಳೀತಾ ಇರುತ್ತೆ. ಇಪ್ಪತ್ತರ ಹತ್ರ ಬರೋವಾಗ ಸರಿಹೋಗುತ್ತೆ."

"ನಂಗೆ ನಲವತ್ತಾರು, ಮೇಡಂ."

ಸಂಶೋಧಕಿ ಕೆಮ್ಮಿದಳು.

ತಲೆ ಕೆಟ್ಟು ಡಿಪೋಗೆ ಬಂದವನು ಕಂಡಕ್ಟರನ ಹತ್ತಿರ ಬಾಯಿಬಿಟ್ಟ. ಕಂಡಕ್ಟರನಿಗೆ ಹೇಳುವುದೂ ಒಂದೇ, ಮೈಕಿನಲ್ಲಿ ಸಾರುವುದೂ ಒಂದೇ. ಬಸ್ಸು ಹೊರಡುವಷ್ಟರಲ್ಲಿ ಸುದ್ದಿ ಹಿಂದಿನ ಸೀಟು ಮುಟ್ಟಿತ್ತು.

"ಡ್ರೈವರ್ರೇ, ಮುಂದೆ ಬಲಕ್ಕೆ!" ಎಂದು ನರ್ಸಮ್ಮ ಕೂಗಿದಳು.

"ಎಡಕ್ಕಲ್ವೇನ್ರೀ? ಪಾಪ, ಅವ್ರನ್ನ ಗೊಂದಲ ಮಾಡ್ಬೇಡಿ" ಎಂದು ನಿವೃತ್ತ ಮೇಷ್ಟರು ಇನ್ನಷ್ಟು ಗೊಂದಲ ಮಾಡಿದರು.

ಕಣ್ಣು ಮುಚ್ಚಿ ಓಡಿಸಬಲ್ಲ ದಾರಿ ಈಗ ಕಣ್ಣು ಬಿಟ್ಟರೂ ಕಾಣದಾಯಿತು. ಬೇಕರಿ ಇದ್ದದ್ದು ಸೇತುವೆಗೆ ಮುಂಚೆಯೋ, ಆಮೇಲೋ? ಅವನ ತಲೆ ವಾಷಿಂಗ್ ಮೆಷಿನ್ನಿನೊಳಗಿನ ಬಟ್ಟೆಯಂತೆ ಗಿರಗಿರ ತಿರುಗಿತು. ಎಡವೂ ಅಲ್ಲ, ಬಲವೂ ಅಲ್ಲ ಎಂದು ನೇರ ನುಗ್ಗಿಸಿದ. ಬಸ್ಸು ಓಣಿಯೊಂದರಲ್ಲಿ ಬಾಟಲಿ ಬಾಯಿಗೆ ಬಿರಡೆ ಸಿಕ್ಕ ಹಾಗೆ ಕಚ್ಚಿಕೊಂಡಿತು. ಹಿಂದಿನ ಕಿಟಕಿಯಿಂದ ಇಳಿಯುತ್ತಲೇ ಜನ ದಾರಿ ಹೇಳುತ್ತಿದ್ದರು.

ಡಿಪೋ ಮ್ಯಾನೇಜರ್ ಕೆಂಡವಾಗಿ ಬಂದರು.

"ಬೈಬೇಡಿ ಸಾರ್," ಕಂಡಕ್ಟರ್ ಅಡ್ಡ ಬಂದ. "ಮಿದುಳಿಂದು ತೊಂದ್ರೆ. ಬೆಳಿಗ್ಗೆ ಗೊತ್ತಾಯ್ತಂತೆ."

ಮ್ಯಾನೇಜರ್ ಕರಗಿದರು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಆಫೀಸಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಸಂಬಳ ಅದೇ."

ಡ್ರೈವರನ ಕಣ್ಣು ತುಂಬಿತು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಅವನು ಕಣ್ಣೊರೆಸಿಕೊಳ್ಳುತ್ತಿದ್ದರಿಂದ ಮ್ಯಾನೇಜರೇ ಅದನ್ನು ತೆಗೆದುಕೊಂಡು ಸ್ಪೀಕರ್ ಒತ್ತಿದರು.

"ಕ್ಷಮಿಸಿ ಸಾರ್!" ಸಂಶೋಧಕಿಯ ದನಿ. "ನಿಮ್ಮ ಹೆಸರು, ಮಗಳ ಹೆಸರು ಅದಲುಬದಲಾಗಿತ್ತು. ಕಡಿಮೆ ಬಂದಿದ್ದು ಅವಳಿಗೆ. ಅವಳ ವಯಸ್ಸಿಗೆ ಅದು ಸರಿಯಾಗೇ ಇದೆ. ನಿಮ್ಮದಂತೂ ಅದ್ಭುತ! ಒಂದ್ಸಲ ಕಂಡ ಜಾಗಾನ ನೀವು ಮರೆಯೋರೇ ಅಲ್ಲ!"

ಮ್ಯಾನೇಜರ್ ಫೋನನ್ನು ನಿಧಾನವಾಗಿ ಅವನ ಕೈಗಿಟ್ಟರು.

"ಓಹೋ! ಹಾಗಾದ್ರೆ ಬೇಕೂಂತ್ಲೇ ನುಗ್ಗಿಸಿದ್ದು!"