ದನದ ದವಾಖಾನೆಯಲ್ಲಿ ಕಾಕಾನ ಕರಿ ಬಿಲ್ಲೆ

ಮನೆಯಲ್ಲಿ ಒಂದು ಆಕಳ ಕರುವೂ ಇಲ್ಲದೆ ವಾರವಾರ ದನದ ದವಾಖಾನೆಗೆ ಹೋಗುತ್ತಿದ್ದವರು ಇಡೀ ಬೈಲಹೊಂಗಲದಲ್ಲಿ ನಮ್ಮ ಕಾಕಾ ಒಬ್ಬರೇ! ತೊಂಬತ್ತರ ದಶಕದ ಮಾತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರಿಗೆ, ತಣಿಸಿದರೆ ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯುವ ಅತಿವಾಹಕದ ಹುಚ್ಚು. ಇಟ್ರಿಯಂ, ಬೇರಿಯಂ, ತಾಮ್ರದ ಪುಡಿ ಕಲಸಿ, ಕುಲುಮೆಯಲ್ಲಿ ಸುಟ್ಟು ಕರಿ ಬಿಲ್ಲೆ ಮಾಡುತ್ತಿದ್ದರು. ಅದನ್ನು ತಣಿಸಲು ದ್ರವ ಸಾರಜನಕ ಬೇಕು. ಅದು ಸಿಗುವುದು ಹೋರಿಯ ವೀರ್ಯ ಕೆಡದಂತೆ ಇಡುವ ದವಾಖಾನೆಯ ಕ್ಯಾನಿನಲ್ಲಿ! ತಣಿದ ಬಿಲ್ಲೆಯ ಮೇಲೆ ಅಯಸ್ಕಾಂತ ಇಟ್ಟರೆ ಗಾಳಿಯಲ್ಲಿ ತೇಲಬೇಕು. ತೇಲಿತೇ? ಎಲ್ಲಿಯದು!

“ಸರ, ನಮ್ಮ ಎಮ್ಮಿ ಗಬ್ಬ ಆಗೂದು ಮುಖ್ಯನೋ, ನಿಮ್ಮ ಕಲ್ಲು ಹಾರೂದೋ?” ಎಂದು ಸರತಿಯಲ್ಲಿ ನಿಂತವರು ರೇಗಿದರೂ ಕಾಕಾ ಜಗ್ಗುತ್ತಿರಲಿಲ್ಲ.

ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ರೊಟ್ಟಿ ಬಡಿಯುತ್ತಿದ್ದರೆ ಇವರು ಕುರ್ಚಿಯಿಂದಲೇ ಪಾಠ ಶುರು ಮಾಡುವರು. “ಈ ಬಿಲ್ಲ್ಯಾಗ ನಿನ್ನ ರೊಟ್ಟಿ ಅಡಕಲಿನಂಗ ಪದರ ಅದಾವ. ಒಂಟಿ ಎಲೆಕ್ಟ್ರಾನು ಹೊಂಟರ ಹತ್ತು ಕಡೆ ಡಿಕ್ಕಿ ಹೊಡೀತೈತಿ. ಥಂಡಿಗೆ ಜೋಡಿ ಜೋಡಿ ಆಗಿ, ಎಲ್ಲಾ ಕೂಡಿ ಹೆಜ್ಜಿ ಹಾಕಿದ್ರ ತಡಿಯಾವ್ರು ಯಾರೂ ಇಲ್ಲ. ಆದ್ರ ಅವೇ ಎಲೆಕ್ಟ್ರಾನು ಊಟದ ಪಂಕ್ತಿ ಹಿಡದು ಕುಂತುಬಿಟ್ರ? ಕುಂತಾವು ಮೆರವಣಿಗಿಗೆ ಹೆಂಗ ಬರತಾವ?”

“ನೀವು ಸುದ್ದಾ ಕುಂತಲ್ಲಿಂದ ಏಳೂದಿಲ್ಲಲ್ರಿ! ಒಮ್ಮೆ ಜೋಡೀಲೆ ಎಲ್ಲಮ್ಮನ ಗುಡ್ಡಕ್ಕ ಹೋಗಿ ಬರೂಣು ನಡೀರಿ.”

“ಇದೊಂದು ತೇಲಲಿ. ಮರುದಿನಾನ ಹೋಗೂಣು.”

ಗುಡ್ಡದ ಕಡೆಗಿನ ಸವದತ್ತಿಯ ಬಸ್ಸು ದಿನಕ್ಕೆ ಎಷ್ಟೋ ಸಲ ಹೋಗುತ್ತಿತ್ತು. ಇಬ್ಬರೂ ಕೂಡಿ ಒಮ್ಮೆಯೂ ಹತ್ತಲಿಲ್ಲ. ಅಯಸ್ಕಾಂತ ಪ್ರತಿ ಸಲ ಟಪ್ಪೆಂದು ಬೀಳುತ್ತಿತ್ತು. “ಸುಡೂ ಮುಂದ ಬಿಲ್ಲಿಗೆ ಆಕ್ಸಿಜನ್ ಕಡಿಮಿ ಬಿದ್ದೈತಿ. ಮತ್ತ ಪಂಕ್ತಿ ಕುಂತಾವು, ಹಾಳಾದವು!” ಎಂದು ಕಾಕಾ ಬೈಯುವರು. ಕೊನೆಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರನ್ನೇ ಲ್ಯಾಬಿಗೆ ಎತ್ತಿಕೊಂಡು ಬಂದರು! ವೆಲ್ಡಿಂಗಿನವನು ಅರ್ಧ ಬೆಸೆದ ಗೇಟು ಹಿಡಿದುಕೊಂಡು ಸಂಜೆಯತನಕ ದಾರಿ ಕಾದ.

ಅದೇ ಮಳೆಗಾಲ ಕಾಕುಗೆ ಜ್ವರ ಬಂತು. ನೆಗಡಿ ಜ್ವರವೆಂದೇ ಎಲ್ಲರೂ ತಿಳಿದಿದ್ದೆವು. ವಾರದೊಳಗೆ ಹೋಗಿಬಿಟ್ಟಳು.

ದೀಪಾವಳಿ ಮುಗಿದ ಮೇಲೆ ಕಾಕಾ ಆಕ್ಸಿಜನ್ ಹಾಯಿಸಿ ಸುಟ್ಟ ಹೊಸ ಬಿಲ್ಲೆ ಹಿಡಿದು ದವಾಖಾನೆಗೆ ಹೊರಟರು. ನಾನೂ ಜೊತೆಗೆ ಹೋದೆ. ಸಾರಜನಕ ಸುರಿದು, ಹೊಗೆ ಇಳಿದ ಮೇಲೆ ಅಯಸ್ಕಾಂತ ಇಟ್ಟರು. ಬೀಳಲಿಲ್ಲ! ಬೆರಳು ತಾಗಿಸಿದರೆ ಗಾಳಿಯಲ್ಲೇ ಗಿರಗಿರ ತಿರುಗಿತು. ಎಮ್ಮೆ ಹಿಡಿದವರೆಲ್ಲ ಹಗ್ಗ ಬಿಟ್ಟು ಚಪ್ಪಾಳೆ ಹೊಡೆದರು.

“ಕಾಕಾ, ತೇಲಿತ್ರಿ!” ಎಂದು ಕೂಗಿದೆ.

ಕಾಕಾ ಅದನ್ನೇ ನೋಡುತ್ತ ನಿಂತಿದ್ದರು. “ಹೂಂ. ಆ ಎಲೆಕ್ಟ್ರಾನು ಸುದ್ದಾ ಎದ್ದು ಜೋಡಿ ಆದುವು,” ಎಂದರು. “ನಾ ಏಳಲಿಲ್ಲಪಾ.”